ಬೀದಿ ತುಂಬ ಮಕ್ಕಳು, ಮನೆಗೆ ಮಾತ್ರ ಎರಡು: 1930ರ ದಶಕದ ಹ್ಯಾರೋ

ಪ್ರಶ್ನೆ: ನಾನು ಲಂಡನ್ನಿನ ವಾಯವ್ಯ ಅಂಚಿನ ಹ್ಯಾರೋದಲ್ಲಿ, ರೇನರ್ಸ್ ಲೇನ್ ನಿಲ್ದಾಣದ ಹತ್ತಿರ ವಾಸವಾಗಿದ್ದೇನೆ. ನಮ್ಮದು 1930ರ ದಶಕದ ಮಧ್ಯದಲ್ಲಿ ಕಟ್ಟಿದ ಜೋಡಿಮನೆ. ಎರಡು ಮಹಾಯುದ್ಧಗಳ ನಡುವೆ ಇಂಗ್ಲೆಂಡಿನ ಜನನ ಪ್ರಮಾಣ ತಳ ಮುಟ್ಟಿತ್ತೆಂದು ಓದಿದ್ದೇನೆ. ಆದರೆ ಅದೇ ಅವಧಿಯಲ್ಲಿ ಹ್ಯಾರೋದ ಜನಸಂಖ್ಯೆ ಸುಮಾರು ನಾಲ್ಕು ಪಟ್ಟಾಯಿತು, ಇದ್ದ ಶಾಲೆಗಳು ಸಾಲದಾದವು. ಹಾಗಾದರೆ ಇಲ್ಲಿನವರು ಮಾತ್ರ ಹೆಚ್ಚು ಮಕ್ಕಳನ್ನು ಹೆತ್ತರೇ? ಪೂರ್ವದಂಚಿನ ಡಾಗೆನಮ್‌ನಲ್ಲಿ ಜನನ ಪ್ರಮಾಣ ಇನ್ನೂ ಹೆಚ್ಚಿತ್ತಂತೆ, ಅದೇಕೆ? ನಮ್ಮ ಮನೆಯಲ್ಲಿ ಆಗ ಎಂಥ ಸಂಸಾರ ಇದ್ದಿರಬಹುದು?

ಉತ್ತರ: ಹ್ಯಾರೋವನ್ನು ಬೆಳೆಸಿದ್ದು ರೈಲು. ಆ ಬೆಳವಣಿಗೆಯಲ್ಲಿ ಹೆರಿಗೆಯ ಪಾಲು ಹತ್ತರಲ್ಲಿ ಒಂದರಷ್ಟಿದ್ದರೆ ಹೆಚ್ಚು. ನಿಮ್ಮ ಬೀದಿಯಲ್ಲಿ ಮಕ್ಕಳು ಕಿಕ್ಕಿರಿದಿದ್ದುದು ನಿಜ, ಅವರ ತಂದೆತಾಯಿ ತಮ್ಮ ಹಿಂದಿನ ತಲೆಮಾರಿಗಿಂತ ಬಹಳ ಕಡಿಮೆ ಮಕ್ಕಳನ್ನು ಹೆತ್ತಿದ್ದೂ ನಿಜ. ಈ ಎರಡೂ ಒಟ್ಟಿಗೆ ಹೇಗೆ ಸಾಧ್ಯವಾಯಿತು ಎಂಬುದೇ ನಿಮ್ಮ ಪ್ರಶ್ನೆಯ ತಿರುಳು.

ಮೊದಲು ಅಂಕಿಗಳು. ಈ ವಿಷಯದಲ್ಲಿ ಹ್ಯಾರೋದವರು ಅದೃಷ್ಟವಂತರು. ಇಂಗ್ಲೆಂಡಿನ ಸ್ಥಳೀಯ ಜನಸಂಖ್ಯೆಯ ಇತಿಹಾಸ ಬರೆಯುವವರಿಗೆ ದೊಡ್ಡ ತಲೆನೋವೆಂದರೆ ಗಡಿಗಳು. ಹತ್ತು ವರ್ಷಕ್ಕೊಮ್ಮೆ ಗಡಿ ಸರಿದಾಗ ಹಳೆಯ ಅಂಕಿಗೂ ಹೊಸ ಅಂಕಿಗೂ ಹೊಂದಿಕೆಯೇ ಇರುವುದಿಲ್ಲ. ಹ್ಯಾರೋ ಗುಡ್ಡದ ಮೇಲಿನ ಹಳೆಯ ಪಟ್ಟಣ, ಕಾರ್ಖಾನೆಗಳ ವೀಲ್ಡ್‌ಸ್ಟೋನ್, ಪಿನ್ನರ್ ಮತ್ತು ಸ್ಟ್ಯಾನ್‌ಮೋರ್‌ನಂಥ ಹಳ್ಳಿಗಳು ಸೇರಿ 1934ರಲ್ಲಿ ಒಂದೇ ನಗರ ಜಿಲ್ಲೆಯಾದವು. ಆ ಗಡಿ 1965ರಲ್ಲಿ ಲಂಡನ್ನಿನ ಆಡಳಿತವನ್ನು ಮರುರಚಿಸಿದಾಗಲೂ ಹಾಗೆಯೇ ಉಳಿಯಿತು. ಲಂಡನ್ನಿನ ಬೇರೆಲ್ಲ ಬರೋಗಳು, ಅಂದರೆ ಸ್ಥಳೀಯ ಆಡಳಿತದ ವಿಭಾಗಗಳು, ಒಂದಕ್ಕಿಂತ ಹೆಚ್ಚು ಊರುಗಳನ್ನು ಕಲಸಿ ಮಾಡಿದವು. ಹ್ಯಾರೋ ಮಾತ್ರ ಇದ್ದಂತೆಯೇ ಉಳಿಯಿತು.

ಆ ಗಡಿಯೊಳಗೆ 1921ರಲ್ಲಿ ಸುಮಾರು 49 ಸಾವಿರ ಜನರಿದ್ದರು. 1931ರಲ್ಲಿ ಸುಮಾರು 97 ಸಾವಿರ. ಯುದ್ಧ ಶುರುವಾಗುವ ಮುನ್ನ, 1939ರ ಮಧ್ಯದ ಅಂದಾಜಿನಲ್ಲಿ, ಸುಮಾರು 1.9 ಲಕ್ಷ. ಹತ್ತು ವರ್ಷಕ್ಕೆ ಒಮ್ಮೆ ದುಪ್ಪಟ್ಟು, ಮತ್ತೆ ಎಂಟು ವರ್ಷಕ್ಕೆ ಇನ್ನೊಮ್ಮೆ ಹೆಚ್ಚುಕಡಿಮೆ ದುಪ್ಪಟ್ಟು. ಪಿನ್ನರ್ ಒಂದನ್ನೇ ತೆಗೆದುಕೊಂಡರೂ 1921ರ ಒಂಬತ್ತು ಸಾವಿರ ಚಿಲ್ಲರೆ ಜನ ಹತ್ತು ವರ್ಷದಲ್ಲಿ 23 ಸಾವಿರ ದಾಟಿದ್ದರು.

ಈಗ ಒಂದು ಸರಳ ಲೆಕ್ಕ ಹಾಕೋಣ. 1931ರಿಂದ 1939ರವರೆಗಿನ ಎಂಟು ವರ್ಷಗಳಲ್ಲಿ ಹ್ಯಾರೋದ ಸರಾಸರಿ ಜನಸಂಖ್ಯೆ ಸುಮಾರು 1.45 ಲಕ್ಷ. ಜನನದಲ್ಲಿ ಮರಣವನ್ನು ಕಳೆದರೆ ಉಳಿಯುವ ಸಹಜ ಹೆಚ್ಚಳವನ್ನು ವರ್ಷಕ್ಕೆ ಸಾವಿರಕ್ಕೆ ಎಂಟು ಎಂದು ಧಾರಾಳವಾಗಿಯೇ ಹಿಡಿಯೋಣ. ಆ ಕಾಲದ ಇಂಗ್ಲೆಂಡಿನ ಮಟ್ಟಿಗೆ ಅದು ದೊಡ್ಡ ಅಂಕಿ; ದೇಶದ ಒಟ್ಟು ಸಹಜ ಹೆಚ್ಚಳ ಆಗ ಸಾವಿರಕ್ಕೆ ಎರಡು ಮೂರರಷ್ಟೇ ಇತ್ತು. ಹಾಗೆ ಹಿಡಿದರೂ ಎಂಟು ವರ್ಷದಲ್ಲಿ ಹೆಚ್ಚುವುದು ಒಂಬತ್ತು ಸಾವಿರ ಚಿಲ್ಲರೆ ಜನ. ನಿಜವಾಗಿ ಹೆಚ್ಚಿದವರು ತೊಂಬತ್ತು ಸಾವಿರಕ್ಕೂ ಮಿಕ್ಕಿ. ಉಳಿದವರೆಲ್ಲ ಹಾಸಿಗೆ, ಕುರ್ಚಿ, ಪಾತ್ರೆಪಗಡಗಳನ್ನು ವ್ಯಾನಿನಲ್ಲಿ ಹೇರಿಕೊಂಡು ಬಂದವರು.

ಅವರನ್ನು ಕರೆತಂದ ಮೆಟ್ರೊಪಾಲಿಟನ್ ರೈಲ್ವೆಯ ಕಥೆ ನಿಮಗೆ ಗೊತ್ತೇ ಇರಬಹುದು, ಆದ್ದರಿಂದ ಚುಟುಕಾಗಿ ಹೇಳುತ್ತೇನೆ. ಆ ಕಂಪನಿ 1915ರಿಂದಲೇ ತನ್ನ ಹಳಿಯ ಅಕ್ಕಪಕ್ಕದ ಹಸಿರು ಪ್ರದೇಶವನ್ನು 'ಮೆಟ್ರೋಲ್ಯಾಂಡ್' ಎಂದು ಜಾಹೀರಾತು ಮಾಡುತ್ತಿತ್ತು. ಹಳಿಯ ಪಕ್ಕದ ಜಮೀನಿನಲ್ಲಿ ಬಡಾವಣೆ ಕಟ್ಟಲು 1919ರಲ್ಲಿ ಒಂದು ಸಹಸಂಸ್ಥೆಯನ್ನೂ ಹುಟ್ಟುಹಾಕಿತು. ಸ್ಟ್ಯಾನ್‌ಮೋರ್ ಕವಲು 1932ರ ಡಿಸೆಂಬರಿನಲ್ಲಿ ತೆರೆಯಿತು. ನಿಮ್ಮ ರೇನರ್ಸ್ ಲೇನ್ ನಿಲ್ದಾಣ ಬಯಲ ನಡುವಿನ ಗಾಳಿಗೆ ಮೈಯೊಡ್ಡಿ ನಿಂತಿದ್ದರಿಂದ ಜನ ಅದನ್ನು 'ನ್ಯುಮೋನಿಯಾ ಜಂಕ್ಷನ್' ಎಂದು ಗೇಲಿ ಮಾಡುತ್ತಿದ್ದರು. 1930ರಲ್ಲಿ ಅಲ್ಲಿ ಇಡೀ ವರ್ಷಕ್ಕೆ ಓಡಾಡಿದವರು ಸುಮಾರು 22 ಸಾವಿರ. 1937ರಲ್ಲಿ ಸುಮಾರು 40 ಲಕ್ಷ. ಜನಸಂಖ್ಯೆಯ ಯಾವ ಕೋಷ್ಟಕಕ್ಕಿಂತಲೂ ಆ ಟಿಕೆಟ್ ಲೆಕ್ಕವೇ ನನಗೆ ಹೆಚ್ಚು ಮಾತನಾಡುತ್ತದೆ.

ಇನ್ನು ಜನನ ಪ್ರಮಾಣಕ್ಕೆ ಬರೋಣ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೊದಲ ಮಹಾಯುದ್ಧದಿಂದ ಸೈನಿಕರು ಮನೆಗೆ ಮರಳಿದ ಮೇಲೆ, 1920ರಲ್ಲಿ, ಹುಟ್ಟಿದ ಮಕ್ಕಳು 9.58 ಲಕ್ಷ, ಜನನ ಪ್ರಮಾಣ ಸಾವಿರಕ್ಕೆ 25.5. ಅಲ್ಲಿಂದ ಇಳಿಯುತ್ತ ಇಳಿಯುತ್ತ 1933ರಲ್ಲಿ 5.80 ಲಕ್ಷಕ್ಕೆ, ಸಾವಿರಕ್ಕೆ 14.4ಕ್ಕೆ ಬಂದು ನಿಂತಿತು. ಮಹಿಳೆಯೊಬ್ಬಳಿಗೆ ಸರಾಸರಿ ಎರಡು ಮಕ್ಕಳೂ ಆಗದ ಮಟ್ಟ ಅದು. ಅಂದಿನ ತಜ್ಞರು 'ನಿವ್ವಳ ಪುನರುತ್ಪಾದನಾ ದರ'ವನ್ನು ಲೆಕ್ಕ ಹಾಕಿದಾಗ 0.75ರ ಆಸುಪಾಸು ಬಂತು. ಒಂದು ತಲೆಮಾರಿನ ನೂರು ತಾಯಂದಿರ ಜಾಗಕ್ಕೆ ಮುಂದಿನ ತಲೆಮಾರಿನಲ್ಲಿ ಎಪ್ಪತ್ತೈದೇ ತಾಯಂದಿರು ಎಂಬುದು ಅದರ ಅರ್ಥ. ಗಾಬರಿ ಎಷ್ಟಿತ್ತೆಂದರೆ, ಫಲವತ್ತತೆ ಹೀಗೆಯೇ ಕುಸಿಯುತ್ತ ಹೋದರೆ 2035ರ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಸಂಖ್ಯೆ ಐವತ್ತು ಲಕ್ಷಕ್ಕೂ ಕೆಳಗೆ ಹೋಗುತ್ತದೆ ಎಂದು ಎನಿಡ್ ಚಾರ್ಲ್ಸ್ ಎಂಬ ಸಂಖ್ಯಾಶಾಸ್ತ್ರಜ್ಞೆ ಒಂದು ಲೆಕ್ಕ ಮುಂದಿಟ್ಟಿದ್ದರು. 1938ರಲ್ಲಿ ಸರಕಾರ ಜನನ ನೋಂದಣಿಯ ವೇಳೆ ತಾಯಿಯ ವಯಸ್ಸನ್ನೂ ಕೇಳಿ ಬರೆದುಕೊಳ್ಳುವ ಕಾಯ್ದೆಯನ್ನೇ ತಂದಿತು. ಅದುವರೆಗೆ, ನಂಬಿದರೆ ನಂಬಿ, ಇಂಗ್ಲೆಂಡಿನಲ್ಲಿ ಯಾವ ವಯಸ್ಸಿನ ಹೆಂಗಸರಿಗೆ ಎಷ್ಟು ಮಕ್ಕಳಾಗುತ್ತಿವೆ ಎಂಬ ನೇರ ಅಂಕಿಯೇ ಇರಲಿಲ್ಲ!

ಹೀಗೆ ದೇಶವೇ ತಳ ಮುಟ್ಟಿದ್ದಾಗಲೂ ಹೊಸ ಬಡಾವಣೆಗಳಲ್ಲಿ ತಳ್ಳುಗಾಡಿಯ ಕೂಸುಗಳಿಗೇನೂ ಬರವಿರಲಿಲ್ಲ. ಕಾರಣ ಜನನ ಪ್ರಮಾಣ ಎಂಬ ಅಳತೆಯಲ್ಲೇ ಇದೆ. ಒಂದು ವರ್ಷದಲ್ಲಿ ಹುಟ್ಟಿದ ಮಕ್ಕಳನ್ನು ಊರಿನ ಒಟ್ಟು ಜನರಿಂದ ಭಾಗಿಸಿ ಸಾವಿರಕ್ಕಿಷ್ಟು ಎನ್ನುತ್ತೇವೆ. ಆ ಒಟ್ಟು ಜನರಲ್ಲಿ ಅಜ್ಜಂದಿರೂ ಇದ್ದಾರೆ, ಹತ್ತು ವರ್ಷದ ಹುಡುಗರೂ ಇದ್ದಾರೆ, ಮದುವೆಯಾಗದವರೂ ಇದ್ದಾರೆ. ಊಹೆಗಾಗಿ ಎರಡು ಊರುಗಳನ್ನು ತೆಗೆದುಕೊಳ್ಳಿ. ಹಳೆಯ ಊರಿನಲ್ಲಿ ಸಾವಿರ ಜನರಿಗೆ 45 ವರ್ಷದೊಳಗಿನ ವಿವಾಹಿತ ಹೆಂಗಸರು ನೂರು. ಅವರಲ್ಲಿ ವರ್ಷಕ್ಕೆ ಏಳರಲ್ಲಿ ಒಬ್ಬರಿಗೆ ಮಗುವಾದರೆ ಹುಟ್ಟುವುದು ಹದಿನಾಲ್ಕು. ಹೊಸ ಬಡಾವಣೆಯಲ್ಲಿ ಸಾವಿರ ಜನರಿಗೆ ಅಂಥ ಹೆಂಗಸರು ನೂರೆಂಬತ್ತು. ಅವರಲ್ಲಿ ಹತ್ತರಲ್ಲಿ ಒಬ್ಬರಿಗಷ್ಟೇ ಮಗುವಾದರೂ ಹುಟ್ಟುವುದು ಹದಿನೆಂಟು. ಎರಡನೆಯ ಊರಿನ ಹೆಂಗಸರು ಕಡಿಮೆ ಹೆರುತ್ತಿದ್ದಾರೆ, ಆದರೂ ವರದಿಯಲ್ಲಿ ಅವರ ಊರಿನ ಜನನ ಪ್ರಮಾಣವೇ ಮೇಲೆ.

ಹ್ಯಾರೋದಂಥ ಬಡಾವಣೆಗೆ ಬಂದವರು ಯಾರು? ಇಪ್ಪತ್ತೈದರಿಂದ ನಲವತ್ತರೊಳಗಿನ ದಂಪತಿಗಳು, ಹೊಸದಾಗಿ ಮದುವೆಯಾದವರು ಅಥವಾ ಒಂದು ಮಗುವಿನ ಕೈಹಿಡಿದುಕೊಂಡವರು. ಅಜ್ಜಿ ತಾತಂದಿರು ಲಂಡನ್ನಿನ ಹಳೆಯ ಭಾಗದಲ್ಲೋ ಬೇರೆ ಊರಿನಲ್ಲೋ ಉಳಿದರು. ಹಾಗಾಗಿ ಇಲ್ಲಿನ ಜನನ ಪ್ರಮಾಣ ರಾಷ್ಟ್ರದ ಮಟ್ಟದ ಆಸುಪಾಸಿನಲ್ಲಿ ಇದ್ದದ್ದೇ ಒಂದು ವಿಚಿತ್ರ ಸಂಗತಿ. ಅಷ್ಟೊಂದು ಯುವ ದಂಪತಿಗಳಿದ್ದ ಕಡೆ ಅದು ಮುಗಿಲು ಮುಟ್ಟಬೇಕಿತ್ತು. ಮುಟ್ಟಲಿಲ್ಲ ಎಂಬುದರಿಂದಲೇ ಪ್ರತಿ ದಂಪತಿಗೆ ಮಕ್ಕಳು ಎಷ್ಟು ಕಡಿಮೆಯಾಗಿದ್ದರೆಂದು ಊಹಿಸಬಹುದು.

ಮರಣ ಪ್ರಮಾಣಕ್ಕೂ ಇದೇ ಮಾತು. ದೇಶದ ಮರಣ ಪ್ರಮಾಣ ಆಗ ಸಾವಿರಕ್ಕೆ ಹನ್ನೆರಡರ ಸುತ್ತ ಇತ್ತು, ಹೊರವಲಯದ ಬಡಾವಣೆಗಳಲ್ಲಿ ಅದಕ್ಕಿಂತ ಸಾಕಷ್ಟು ಕೆಳಗೆ. ಮನೆ ಮಾರುವವರಿಗೆ ಇದು ಸುಗ್ಗಿ: ನಮ್ಮಲ್ಲಿ ಗಾಳಿ ಶುದ್ಧ, ಆರೋಗ್ಯ ಖಚಿತ ಎಂದು ಬರೆದುಕೊಂಡರು. ಗಾಳಿ ಶುದ್ಧವಾಗಿದ್ದುದು ಸುಳ್ಳಲ್ಲ, ಆದರೆ ಮುದುಕರೇ ಇಲ್ಲದ ಊರಿನಲ್ಲಿ ಸಾವು ಕಡಿಮೆಯಾಗುವುದಕ್ಕೆ ಗಾಳಿಯ ಪುಣ್ಯವೇನೂ ಬೇಕಾಗಿಲ್ಲ.

ಇನ್ನೊಂದು ತೊಡಕು ಛೇದದಲ್ಲಿದೆ. ಜನಗಣತಿ ಹತ್ತು ವರ್ಷಕ್ಕೊಮ್ಮೆ. ನಡುವಿನ ವರ್ಷಗಳಲ್ಲಿ ಊರಿನ ಆರೋಗ್ಯಾಧಿಕಾರಿ ತನ್ನ ವಾರ್ಷಿಕ ವರದಿಗೆ ಬಳಸುತ್ತಿದ್ದುದು ದೇಶದ ಜನನ ಮರಣ ನೋಂದಣಿಯ ಮುಖ್ಯಸ್ಥನಾದ ರಿಜಿಸ್ಟ್ರಾರ್ ಜನರಲ್ ಕಳುಹಿಸುತ್ತಿದ್ದ ಅಂದಾಜನ್ನು. ಜನವರಿಯಲ್ಲಿ ಇದ್ದ ಗದ್ದೆ ಡಿಸೆಂಬರಿಗೆ ಬೀದಿಯಾಗುವ ಕಡೆ ಆ ಅಂದಾಜು ಹಿಂದೆ ಬೀಳುವುದು ಸಹಜ. ಹುಟ್ಟಿದ ಮಕ್ಕಳ ಲೆಕ್ಕ ನೋಂದಣಿಯಿಂದ ನಿಖರವಾಗಿ ಬರುತ್ತದೆ, ಜನರ ಲೆಕ್ಕ ಮಾತ್ರ ಕಡಿಮೆ ಬಿದ್ದರೆ ಜನನ ಪ್ರಮಾಣ ಸುಮ್ಮನೆ ಉಬ್ಬುತ್ತದೆ. ಆದ್ದರಿಂದ ಒಂದೊಂದು ವರ್ಷದ ಏರಿಳಿತವನ್ನು ಹಿಡಿದು ಕಥೆ ಕಟ್ಟುವವರನ್ನು ನಾನು ನಂಬುವುದಿಲ್ಲ. 1921ರ ಜನಗಣತಿಯೂ ಅಷ್ಟು ಮುಗ್ಧವಲ್ಲ. ಏಪ್ರಿಲ್‌ನಲ್ಲಿ ನಡೆಯಬೇಕಿದ್ದ ಅದನ್ನು ಕಾರ್ಮಿಕ ಮುಷ್ಕರಗಳ ಕಾರಣ ಜೂನ್ 19ಕ್ಕೆ ಮುಂದೂಡಿದರು. ಆ ರಾತ್ರಿ ಯಾರು ಎಲ್ಲಿ ಮಲಗಿದ್ದರೋ ಅಲ್ಲಿಯೇ ಎಣಿಕೆ. ಬೇಸಿಗೆಯಾದ್ದರಿಂದ ಕಡಲತೀರದ ಊರುಗಳೆಲ್ಲ ಪ್ರವಾಸಿಗರಿಂದ ಊದಿಕೊಂಡವು. ಹ್ಯಾರೋ ಗುಡ್ಡದ ಮೇಲಿನ ಹೆಸರಾಂತ ಶಾಲೆಯ ವಸತಿನಿಲಯಗಳಲ್ಲಿ ಮಲಗಿದ್ದ ಹುಡುಗರೂ ಹ್ಯಾರೋದ ನಿವಾಸಿಗಳಾಗಿಯೇ ಲೆಕ್ಕಕ್ಕೆ ಬಂದರು. ದೊಡ್ಡ ಮನೆಗಳಲ್ಲಿ ಒಳಗೇ ಉಳಿದು ಕೆಲಸ ಮಾಡುತ್ತಿದ್ದ ಅವಿವಾಹಿತ ಸೇವಕಿಯರೂ ಹಾಗೆಯೇ. ಹಳೆಯ ಹ್ಯಾರೋದ ಜನನ ಪ್ರಮಾಣ ತಗ್ಗಿರಲು ಇಂಥವರೂ ಒಂದು ಕಾರಣ.

ಹೆರಿಗೆ ಎಲ್ಲಿ ಆಯಿತು ಎಂಬ ಗೊಂದಲವೂ ಓದುಗರಿಗೆ ಬರಬಹುದು. ಹ್ಯಾರೋದ ಹೆಂಗಸರು ಪಕ್ಕದ ಎಡ್ಜ್‌ವೇರ್‌ನ ರೆಡ್‌ಹಿಲ್ ಆಸ್ಪತ್ರೆಯಲ್ಲಿ ಹೆತ್ತರೆ ಆ ಮಗು ಯಾವ ಊರಿನ ಲೆಕ್ಕಕ್ಕೆ? ಪ್ರಕಟಿತ ಅಂಕಿಗಳಲ್ಲಿ ಅದನ್ನು ತಾಯಿಯ ಮನೆಯ ಊರಿಗೇ ಸೇರಿಸುತ್ತಿದ್ದರು, ಹಾಗಾಗಿ ಆ ಕಡೆಯಿಂದ ದೊಡ್ಡ ದೋಷವಿಲ್ಲ.

ಈಗ ಡಾಗೆನಮ್. ಲಂಡನ್ ಕೌಂಟಿ ಕೌನ್ಸಿಲ್ ಅಲ್ಲಿ 1921ರಿಂದ 1930ರ ದಶಕದ ಮಧ್ಯದವರೆಗೆ ಬೆಕಂಟ್ರೀ ಎಂಬ ಬಾಡಿಗೆ ಮನೆಗಳ ಬಡಾವಣೆಯನ್ನು ಕಟ್ಟಿತು. ಸುಮಾರು 26 ಸಾವಿರ ಮನೆಗಳು; ಆ ಕಾಲದಲ್ಲಿ ಜಗತ್ತಿನಲ್ಲೇ ದೊಡ್ಡ ಸಾರ್ವಜನಿಕ ವಸತಿ ಬಡಾವಣೆ. ಸೊಪ್ಪು ತರಕಾರಿ ಬೆಳೆಯುತ್ತಿದ್ದ ಡಾಗೆನಮ್‌ನಲ್ಲಿ 1921ರಲ್ಲಿ 9,127 ಜನರಿದ್ದರು, 1931ರಲ್ಲಿ 89,362. ಹ್ಯಾರೋ ದುಪ್ಪಟ್ಟಾದ ಹತ್ತು ವರ್ಷದಲ್ಲಿ ಡಾಗೆನಮ್ ಹತ್ತು ಪಟ್ಟಿನ ಹತ್ತಿರ ಬಂದಿತ್ತು. ಫೋರ್ಡ್ ಕಾರ್ಖಾನೆ ಅಲ್ಲಿಗೆ ಬಂದದ್ದು 1931ರಲ್ಲಿ. ಜನ ಅದಕ್ಕಿಂತ ಮೊದಲೇ ಬಂದು ಕೆಲಸಕ್ಕಾಗಿ ದೂರದೂರ ಅಲೆಯುತ್ತಿದ್ದರು.

ಅಲ್ಲಿನ ಜನನ ಪ್ರಮಾಣ ರಾಷ್ಟ್ರದ ಸರಾಸರಿಗಿಂತ ಸ್ಪಷ್ಟವಾಗಿ ಮೇಲಿತ್ತು. ಬಡವರು ಹೆಚ್ಚು ಹೆರುತ್ತಾರೆ ಎಂಬ ಹಳೆಯ ಮಾತಿನಲ್ಲಿ ಇದನ್ನು ಮುಗಿಸಿಬಿಡುವವರಿದ್ದಾರೆ. ಅದು ಅರ್ಧ ಉತ್ತರ, ಅದರಲ್ಲೂ ಸೋಮಾರಿ ಅರ್ಧ. ಪೂರ್ವ ಲಂಡನ್ನಿನ ಸ್ಟೆಪ್ನಿ, ಪಾಪ್ಲರ್, ಬೆತ್ನಲ್ ಗ್ರೀನ್‌ನಂಥ ಕಿಕ್ಕಿರಿದ ಕೇರಿಗಳಿಂದ ಯಾರನ್ನು ಆರಿಸಬೇಕು ಎಂದು ನಿರ್ಧರಿಸುತ್ತಿದ್ದುದು ಕೌನ್ಸಿಲ್‌ನ ವಸತಿ ವಿಭಾಗ, ಅದು ಆದ್ಯತೆ ಕೊಡುತ್ತಿದ್ದುದು ಮಕ್ಕಳಿರುವ ಸಂಸಾರಗಳಿಗೆ. ಇಬ್ಬರೇ ಇದ್ದ ವೃದ್ಧ ದಂಪತಿಗೆ ಅಲ್ಲಿ ಮನೆ ಸಿಗುವುದು ಕಷ್ಟ. ನಾಲ್ಕು ಮಕ್ಕಳೊಂದಿಗೆ ಎರಡು ಕೋಣೆಯಲ್ಲಿ ಉಸಿರುಗಟ್ಟಿದ್ದವರಿಗೆ ಸಿಗುತ್ತಿತ್ತು. ಮತ್ತೆ, ಬಾಡಿಗೆ ಅಗ್ಗವಲ್ಲ. ದುಡಿಯುವವನಿಗೆ ನಿಶ್ಚಿತ ಸಂಬಳ ಇರಬೇಕಿತ್ತು. ಹೊಸ ಬಾಡಿಗೆ, ರೈಲು ಚಾರ್ಜು ಎರಡೂ ಭಾರವಾಗಿ ಕೆಲವೇ ವರ್ಷಗಳಲ್ಲಿ ಮರಳಿ ಹೋದವರು ಬಹಳ ಮಂದಿ. ಅವರ ಜಾಗಕ್ಕೆ ಮತ್ತೆ ಚಿಕ್ಕ ಮಕ್ಕಳ ಸಂಸಾರವೇ ಬರುತ್ತಿತ್ತು. ಹೀಗೆ ಬಡಾವಣೆಯ ಸರಾಸರಿ ವಯಸ್ಸು ಏರಲು ಅವಕಾಶವೇ ಸಿಗುತ್ತಿರಲಿಲ್ಲ.

ಹ್ಯಾರೋದ ಬಾಗಿಲಲ್ಲಿ ಕುಳಿತಿದ್ದುದು ಬಿಲ್ಡಿಂಗ್ ಸೊಸೈಟಿ, ಅಂದರೆ ಮನೆ ಸಾಲ ಕೊಡುವ ಸಂಸ್ಥೆ. ಅದು ಮಕ್ಕಳನ್ನು ಎಣಿಸುತ್ತಿರಲಿಲ್ಲ, ಸಂಬಳದ ಚೀಟಿಯನ್ನು ನೋಡುತ್ತಿತ್ತು. ಎರಡೂ ಬಡಾವಣೆಗಳು ಲಂಡನ್ನಿನಿಂದಲೇ ಜನರನ್ನು ಸೋಸಿ ತೆಗೆದವು, ಜರಡಿಗಳು ಮಾತ್ರ ಬೇರೆ. ಜನನ ಪ್ರಮಾಣದಲ್ಲಿ ಕಾಣುವ ಅಂತರದ ದೊಡ್ಡ ಪಾಲು ಈ ಸೋಸುವಿಕೆಯಿಂದ ಬಂದದ್ದೇ ಹೊರತು ಡಾಗೆನಮ್ ಇದ್ದ ಎಸೆಕ್ಸ್ ಕೌಂಟಿಯ ಮಣ್ಣಿನ ಗುಣದಿಂದಲೂ ಅಲ್ಲ, ಹ್ಯಾರೋ ಇದ್ದ ಮಿಡ್ಲ್‌ಸೆಕ್ಸ್ ಕೌಂಟಿಯ ಗಾಳಿಯಿಂದಲೂ ಅಲ್ಲ. ಹಾಗೆಂದು ವರ್ಗದ ಅಂತರ ಸುಳ್ಳೆಂದು ನಾನು ಹೇಳುತ್ತಿಲ್ಲ. ಜನಸಂಖ್ಯೆಯ ಕುರಿತು ಸರಕಾರ ನೇಮಿಸಿದ್ದ ರಾಯಲ್ ಕಮಿಷನ್‌ಗಾಗಿ 1946ರಲ್ಲಿ ನಡೆಸಿದ ಕುಟುಂಬ ಗಣತಿಯ ಪ್ರಕಾರ, 1925ರಿಂದ 1929ರೊಳಗೆ ಮದುವೆಯಾದ ದಂಪತಿಗಳಿಗೆ ಒಟ್ಟಾರೆ ಆದ ಮಕ್ಕಳು ಸರಾಸರಿ 2.2, ಕೈಕೆಲಸದವರಲ್ಲಿ ಅದು ಎರಡೂವರೆಯ ಹತ್ತಿರ, ಕಚೇರಿ ಕೆಲಸದವರಲ್ಲಿ ಎರಡಕ್ಕಿಂತ ಕಡಿಮೆ. ವಿಕ್ಟೋರಿಯಾ ಕಾಲದ ನಡುಭಾಗದಲ್ಲಿ ಮದುವೆಯಾದವರಿಗೆ ಐದಾರು ಮಕ್ಕಳಾಗಿದ್ದವು ಎಂಬುದನ್ನು ನೆನೆದರೆ ಎರಡೂ ವರ್ಗ ಒಂದೇ ಇಳಿಜಾರಿನಲ್ಲಿ ಇಳಿಯುತ್ತಿದ್ದವು. ಕೈಕೆಲಸದವರು ನಾಲ್ಕು ಹೆಜ್ಜೆ ಹಿಂದಿದ್ದರು, ಅಷ್ಟೇ.

ಹ್ಯಾರೋದ ದಂಪತಿಗಳು ಏಕೆ ಎರಡಕ್ಕೆ ನಿಲ್ಲಿಸಿದರು? ಅವರ ತಿಂಗಳ ಖರ್ಚಿನ ಪುಸ್ತಕ ತೆರೆದು ನೋಡಿದಂತೆ ಯೋಚಿಸಿ. 1932ರ ಜೂನ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಬಡ್ಡಿಯನ್ನು ಶೇಕಡಾ 2ಕ್ಕೆ ಇಳಿಸಿತು. ಗೃಹಸಾಲ ಅಗ್ಗವಾಯಿತು, ಕಟ್ಟುವವರೂ ಬಿಲ್ಡಿಂಗ್ ಸೊಸೈಟಿಗಳೂ ಒಪ್ಪಂದ ಮಾಡಿಕೊಂಡು ಮುಂಗಡವನ್ನು ಶೇಕಡಾ 5ರವರೆಗೂ ಇಳಿಸಿದರು. ರೇನರ್ಸ್ ಲೇನ್ ಸುತ್ತ ಆರುನೂರು ಪೌಂಡ್ ಆಸುಪಾಸಿನಿಂದ ಮನೆಗಳು ಸಿಗುತ್ತಿದ್ದವು. ಅಂಥ ಮನೆಗೆ ಇಪ್ಪತ್ತೈದು ವರ್ಷದ ಸಾಲ ಮಾಡಿದರೆ ವಾರದ ಕಂತು ಹದಿನೈದು ಶಿಲ್ಲಿಂಗ್ ಸುತ್ತ ಆಗುತ್ತದೆ. ವಾರಕ್ಕೆ ನಾಲ್ಕೈದು ಪೌಂಡ್ ತರುವ ಗುಮಾಸ್ತನಿಗೆ ಇದು ಹೊರಬಹುದಾದ ಭಾರ, ಆದರೆ ಇಪ್ಪತ್ತೈದು ವರ್ಷ ತಪ್ಪದೆ ಹೊರಬೇಕಾದ ಭಾರ. ಅದರ ಮೇಲೆ ಸ್ಥಳೀಯ ತೆರಿಗೆ, ರೈಲಿನ ಸೀಸನ್ ಟಿಕೆಟ್, ಕಂತಿನಲ್ಲಿ ಕೊಂಡ ಪೀಠೋಪಕರಣ. ರಾಷ್ಟ್ರೀಯ ಆರೋಗ್ಯ ಸೇವೆ ಬಂದದ್ದು 1948ರಲ್ಲಿ. ಅಲ್ಲಿಯವರೆಗೆ ಹೆಂಡತಿ ಮಕ್ಕಳ ವೈದ್ಯರ ಖರ್ಚು ಸ್ವಂತದ್ದು. ಸರಕಾರದ ಕುಟುಂಬ ಭತ್ಯೆ ಶುರುವಾದದ್ದು 1946ರಲ್ಲಿ. ಗ್ರಾಮರ್ ಶಾಲೆಗೆ, ಅಂದರೆ ಆಯ್ದ ಮಕ್ಕಳ ಪ್ರೌಢಶಾಲೆಗೆ, ವಿದ್ಯಾರ್ಥಿವೇತನ ಗೆಲ್ಲದ ಮಗು ಶುಲ್ಕ ಕೊಡಬೇಕಿತ್ತು. 1944ರ ಶಿಕ್ಷಣ ಕಾಯ್ದೆಯ ನಂತರವೇ ಅದು ನಿಂತಿತು. ಪಿನ್ನರ್ ಕೌಂಟಿ ಶಾಲೆ 1937ರಲ್ಲಿ ತೆರೆದಾಗ ಒಬ್ಬ ಮಗನನ್ನೋ ಮಗಳನ್ನೋ ಅಲ್ಲಿಗೆ ಕಳುಹಿಸುವುದು ಒಂದು ಗುರಿ; ನಾಲ್ವರನ್ನು ಕಳುಹಿಸುವುದು ಅಸಾಧ್ಯ.

ಇನ್ನೊಂದು ಸಂಬಳದ ಆಸರೆಯೂ ಇರಲಿಲ್ಲ. ಶಿಕ್ಷಕಿಯರು, ಸರಕಾರಿ ಗುಮಾಸ್ತೆಯರು, ಬ್ಯಾಂಕ್ ನೌಕರಿಯವರು ಮದುವೆಯಾದ ಕೂಡಲೇ ಕೆಲಸ ಬಿಡಬೇಕೆಂಬ ನಿಯಮ ವ್ಯಾಪಕವಾಗಿತ್ತು. ಸರಕಾರಿ ನೌಕರಿಯಲ್ಲಿ ಅದು 1946ರವರೆಗೂ ಉಳಿಯಿತು. ಆದ್ದರಿಂದ ಆ ಕಾಲದ ಸಣ್ಣ ಸಂಸಾರಕ್ಕೆ ಹೆಂಗಸರ ಉದ್ಯೋಗವೇ ಕಾರಣ ಎಂಬ ಇಂದಿನ ವಿವರಣೆಯನ್ನು ಹಿಂದಕ್ಕೆ ಎಳೆದು ಅಂಟಿಸಬೇಡಿ. ಕೆಲಸವಿಲ್ಲದ, ಸಹಾಯಕ್ಕೆ ಆಳೂ ಇಲ್ಲದ, ತಾಯಿ ಅಕ್ಕಂದಿರಿಂದ ಹತ್ತು ಮೈಲಿ ದೂರ ಬಂದು ಬಿದ್ದ ಗೃಹಿಣಿ ಆಕೆ. ಮೂರನೆಯ ಮಗುವನ್ನು ಹೊತ್ತು ತಿರುಗಲು ಜೊತೆಗೆ ಯಾರೂ ಇರಲಿಲ್ಲ. ಹೆರಿಗೆಯೆಂದರೆ ಭಯವೂ ಇತ್ತು: ಶಿಶು ಮರಣ ವರ್ಷದಿಂದ ವರ್ಷಕ್ಕೆ ಇಳಿದು 1920ರ ಸಾವಿರಕ್ಕೆ 80ರಿಂದ 1930ರ ದಶಕದ ಕೊನೆಗೆ ಐವತ್ತರ ಸುತ್ತ ಬಂದರೂ, ತಾಯಂದಿರ ಮರಣ ಮಾತ್ರ ಸಾವಿರ ಹೆರಿಗೆಗೆ ನಾಲ್ಕರ ಮಟ್ಟದಲ್ಲಿ ಹಟ ಹಿಡಿದು ನಿಂತಿತ್ತು. ಬಾಣಂತಿ ನಂಜಿಗೆ ಸಲ್ಫಾ ಔಷಧ ಬಂದ ಮೇಲೆ, 1936ರ ಸುಮಾರಿಗೆ, ಅದು ಇಳಿಯತೊಡಗಿತು. ಶಿಶು ಮರಣದ ಇಳಿಕೆಯೂ ಸಣ್ಣ ಸಂಸಾರದ ಪರವಾಗಿಯೇ ಕೆಲಸ ಮಾಡಿತು. ಹುಟ್ಟಿದ ಇಬ್ಬರೂ ಉಳಿಯುತ್ತಾರೆಂಬ ಧೈರ್ಯ ಇದ್ದರೆ ಮೂರನೆಯದು ಏಕೆ?

ಹೇಗೆ ತಡೆದರು ಎಂಬ ಪ್ರಶ್ನೆಯನ್ನು ನೀವು ಸಂಕೋಚದಿಂದ ಕೇಳಿಲ್ಲ, ನಾನೇ ಹೇಳುತ್ತೇನೆ. ಸಂತಾನ ನಿಯಂತ್ರಣದ ಪ್ರಚಾರಕಿ ಮೇರಿ ಸ್ಟೋಪ್ಸ್ 1921ರಲ್ಲಿ ಉತ್ತರ ಲಂಡನ್ನಿನ ಹಾಲೊವೇಯಲ್ಲಿ ಅದಕ್ಕಾಗಿ ಚಿಕಿತ್ಸಾಲಯ ತೆರೆದದ್ದು ಪ್ರಸಿದ್ಧ ಸಂಗತಿ. ಆದರೆ ಅಂಥ ಚಿಕಿತ್ಸಾಲಯಗಳಿಗೆ ಹೋದವರು ದೇಶದ ದಂಪತಿಗಳಲ್ಲಿ ಬೆರಳೆಣಿಕೆಯಷ್ಟು. ಹೆಚ್ಚಿನವರು ನೆಚ್ಚಿಕೊಂಡದ್ದು ಗಂಡಸಿನ ಸಂಯಮವನ್ನು: ಕೊನೆಯ ಗಳಿಗೆಯಲ್ಲಿ ಹಿಂದೆ ಸರಿಯುವುದು, ಇಲ್ಲವೇ ದೂರವೇ ಉಳಿಯುವುದು. ಇತಿಹಾಸಕಾರರಾದ ಸೈಮನ್ ಸ್ರೆಟರ್ ಮತ್ತು ಕೇಟ್ ಫಿಶರ್ ಆ ತಲೆಮಾರಿನ ವೃದ್ಧರೊಂದಿಗೆ ನಡೆಸಿದ ಸಂದರ್ಶನಗಳಲ್ಲಿ ಇದೇ ಮತ್ತೆ ಮತ್ತೆ ಕೇಳಿಬರುತ್ತದೆ. ಸಾಧನಗಳೂ ಮಧ್ಯಮ ವರ್ಗದಲ್ಲಿ ಹರಡುತ್ತಿದ್ದವು, ಗರ್ಭಪಾತವೂ ಕದ್ದುಮುಚ್ಚಿ ನಡೆಯುತ್ತಿತ್ತು. ಈ ಇಳಿಕೆ 1870ರ ದಶಕದಲ್ಲೇ ಶುರುವಾಗಿತ್ತು ಎಂಬುದನ್ನು ಮರೆಯಬಾರದು. ಸಂತಾನ ನಿಯಂತ್ರಣದ ಕಿರುಹೊತ್ತಗೆ ಪ್ರಕಟಿಸಿದ್ದಕ್ಕೆ 1877ರಲ್ಲಿ ಕಟಕಟೆ ಹತ್ತಿದ ಆನಿ ಬೆಸೆಂಟ್, ನಮಗೆ ಥಿಯಾಸಫಿ ಮತ್ತು ಹೋಮ್ ರೂಲ್ ಮೂಲಕ ಪರಿಚಿತರಾದ ಅದೇ ಬೆಸೆಂಟ್.

ಬ್ರಿಟಿಷ್ ಸರಕಾರ ಈ ವಿಷಯದಲ್ಲಿ ಬಹಳ ಹಿಂಜರಿಯಿತು. ಆರೋಗ್ಯಕ್ಕೆ ಅಪಾಯವಿರುವ ವಿವಾಹಿತೆಯರಿಗೆ ಮಾತ್ರ ತಾಯಂದಿರ ಕೇಂದ್ರಗಳಲ್ಲಿ ಸಲಹೆ ಕೊಡಬಹುದೆಂದು ಆರೋಗ್ಯ ಸಚಿವಾಲಯ 1930ರಲ್ಲಿ ಒಂದು ಸುತ್ತೋಲೆಯ ಮೂಲಕ, ಸದ್ದಿಲ್ಲದೆ, ಒಪ್ಪಿತು. ಅದೇ 1930ರಲ್ಲಿ ಮೈಸೂರು ಸಂಸ್ಥಾನ ಬೆಂಗಳೂರು ಮತ್ತು ಮೈಸೂರಿನ ಸರಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಕೇಂದ್ರಗಳನ್ನೇ ತೆರೆಯಿತು. ಹ್ಯಾರೋದಲ್ಲಿ ಕುಳಿತು ಇದನ್ನು ಓದುವ ಕನ್ನಡಿಗರು ತುಸು ಹೆಮ್ಮೆಪಟ್ಟರೆ ನನ್ನ ಆಕ್ಷೇಪವಿಲ್ಲ. ಆದರೆ ಮೈಸೂರಿನ ಜನನ ಪ್ರಮಾಣ ಆ ಕೇಂದ್ರಗಳಿಂದ ಇಳಿಯಲಿಲ್ಲ, ಹ್ಯಾರೋದ ಜನನ ಪ್ರಮಾಣ ಕೇಂದ್ರಗಳಿಗಾಗಿ ಕಾಯಲೂ ಇಲ್ಲ.

ಮನೆಯ ನಕ್ಷೆಯನ್ನೂ ಒಮ್ಮೆ ನೋಡಿ. ನಿಮ್ಮ ಮನೆ ಆ ಕಾಲದ ಸಾಮಾನ್ಯ ಜೋಡಿಮನೆಯಾಗಿದ್ದರೆ ಮೇಲಂತಸ್ತಿನಲ್ಲಿ ಎರಡು ಸರಿಯಾದ ಮಲಗುವ ಕೋಣೆಗಳು, ಮುಂಬಾಗಿಲ ಮೇಲೆ ಒಂದು ಮಂಚ ಹಿಡಿಸುವ ಚಿಕ್ಕ ಕೋಣೆ. ತಂದೆತಾಯಿ, ಒಬ್ಬ ಮಗ, ಒಬ್ಬ ಮಗಳು ಎಂಬ ಸಂಸಾರಕ್ಕೆ ಅಳತೆ ತೆಗೆದು ಹೊಲಿದಂತಿದೆ. ಮನೆ ಚಿಕ್ಕದೆಂದು ಮಕ್ಕಳು ಕಡಿಮೆಯಾದರೋ, ಮಕ್ಕಳು ಕಡಿಮೆ ಬೇಕೆಂದವರು ಇಂಥ ಮನೆ ಕೊಂಡರೋ ಎಂದು ವಾದಿಸಬಹುದು. ನನಗೆ ಎರಡನೆಯದೇ ಹೆಚ್ಚು ಸರಿ ಎನಿಸುತ್ತದೆ. ಕಟ್ಟುವವರು ಯಾರನ್ನೂ ಬದಲಿಸಲು ಹೊರಟವರಲ್ಲ, ಏನು ಮಾರಾಟವಾಗುತ್ತದೋ ಅದನ್ನು ಕಟ್ಟಿದವರು.

ಶಾಲೆಗಳು ಏಕೆ ಸಾಲದಾದವು ಎಂಬುದು ಈಗ ತಾನಾಗಿಯೇ ಗೊತ್ತಾಗುತ್ತದೆ. ಬೀದಿಯ ಐವತ್ತು ಮನೆಗಳೂ ಎರಡೇ ವರ್ಷದಲ್ಲಿ ತುಂಬಿ, ಐವತ್ತರಲ್ಲೂ ಮೂವತ್ತರ ಆಸುಪಾಸಿನ ದಂಪತಿಗಳೇ ಇದ್ದು, ತಲಾ ಒಂದೂವರೆ ಮಗು ಎಂದರೂ ಎಲ್ಲ ಮಕ್ಕಳೂ ಒಂದೇ ಸಲ ಐದು ವರ್ಷಕ್ಕೆ ಕಾಲಿಡುತ್ತಾರೆ. ಮಿಡ್ಲ್‌ಸೆಕ್ಸ್ ಕೌಂಟಿ ಕೌನ್ಸಿಲ್ ಇಟ್ಟಿಗೆಯ ಚೊಕ್ಕ ಶಾಲೆಗಳನ್ನು ಒಂದಾದ ಮೇಲೊಂದು ಕಟ್ಟಿತು, ಆದರೂ ಮನೆಗಳು ಮುಂದೆ, ಶಾಲೆಗಳು ಹಿಂದೆ.

ಒಂದೇ ವಯಸ್ಸಿನವರಿಂದ ತುಂಬಿದ ಊರಿಗೆ ಒಂದೇ ಸಲ ವಯಸ್ಸೂ ಆಗುತ್ತದೆ. ಯುದ್ಧ ಕಟ್ಟಡ ಕೆಲಸವನ್ನು ನಿಲ್ಲಿಸಿತು, 1938ರ ಹಸಿರು ವಲಯ ಕಾಯ್ದೆ ಮತ್ತು ಯುದ್ಧದ ನಂತರದ ಯೋಜನೆಗಳು ಹೊರಗೆ ಹರಡುವುದನ್ನು ತಡೆದವು. 1951ರಲ್ಲಿ ಹ್ಯಾರೋದ ಜನಸಂಖ್ಯೆ ಸುಮಾರು 2.19 ಲಕ್ಷ, 1961ರಲ್ಲಿ ಸುಮಾರು 2.09 ಲಕ್ಷ. ಡಾಗೆನಮ್ ಕೂಡ ಅದೇ ಹತ್ತು ವರ್ಷದಲ್ಲಿ ಸುಮಾರು 1.14 ಲಕ್ಷದಿಂದ 1.08 ಲಕ್ಷಕ್ಕೆ ಇಳಿಯಿತು. ಮನೆಗಳು ಖಾಲಿಯಾಗಿರಲಿಲ್ಲ. ಮಕ್ಕಳು ಬೆಳೆದು ಮದುವೆಯಾಗಿ ಹೊರಟಿದ್ದರು, ಮನೆಯಲ್ಲಿ ಇಬ್ಬರು ಉಳಿದಿದ್ದರು. ನಡುವೆ 1947ರ ಜನನಗಳ ಉಬ್ಬರವೂ ಬಂದು ಹೋಯಿತು: ಆ ವರ್ಷ ದೇಶದ ಜನನ ಪ್ರಮಾಣ ಸಾವಿರಕ್ಕೆ 20.5. ಆ ಮಾರ್ಚ್‌ನಲ್ಲಿ ಪಿನ್ನರ್‌ನಲ್ಲಿ, ಅಜ್ಜ ಅಜ್ಜಿಯ ಕೌನ್ಸಿಲ್ ಮನೆಯ (ಸ್ಥಳೀಯ ಆಡಳಿತದ ಬಾಡಿಗೆ ಮನೆಯ) ಸಂಸಾರದಲ್ಲಿ ಹುಟ್ಟಿದ ಹುಡುಗ ಮುಂದೆ ಗಾಯಕ ಎಲ್ಟನ್ ಜಾನ್ ಆದ. ಓದಿದ್ದು 1937ರಲ್ಲಿ ತೆರೆದ ಅದೇ ಪಿನ್ನರ್ ಕೌಂಟಿ ಶಾಲೆಯಲ್ಲಿ. ಎಲ್ಲ ಮನೆಗಳೂ ಖಾಸಗಿಯವಲ್ಲ, ಹ್ಯಾರೋದಲ್ಲೂ ಕೌನ್ಸಿಲ್ ಮನೆಗಳಿದ್ದವು ಎಂಬುದಕ್ಕೂ ಇದು ಪುರಾವೆ. ಆ ಶಾಲೆ 1982ರಲ್ಲಿ ಮುಚ್ಚಿತು. ನಂತರ ಹ್ಯಾರೋ ಮತ್ತೆ ತುಂಬಿದ್ದು ಪೂರ್ವ ಆಫ್ರಿಕಾದಿಂದ ಬಂದ ಗುಜರಾತಿಗಳಿಂದ, ಆಮೇಲೆ ನಿಮ್ಮಂಥವರಿಂದ. 2021ರಲ್ಲಿ ಅಲ್ಲಿ 2.61 ಲಕ್ಷ ಜನ. ಈ ಸಲವೂ ಬಂದವರು ಮಕ್ಕಳಾಗುವ ವಯಸ್ಸಿನ ದಂಪತಿಗಳೇ, ಶಾಲೆಗಳ ಮೇಲಿನ ಒತ್ತಡದ ದೂರು ಮತ್ತೆ ಕೇಳಿಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಕೊನೆಗೆ ನಿಮ್ಮ ಮನೆ. 1921ರ ಗಣತಿಯ ಮನೆವಾರು ಪುಟಗಳು 2022ರಿಂದ ನೋಡಲು ಸಿಗುತ್ತವೆ, ಆದರೆ ಆಗ ನಿಮ್ಮ ಜಾಗ ಹೊಲವಾಗಿತ್ತು. 1931ರ ಗಣತಿಯ ಪುಟಗಳು 1942ರ ಡಿಸೆಂಬರಿನಲ್ಲಿ ಹೇಯ್ಸ್‌ನ ಉಗ್ರಾಣದ ಬೆಂಕಿಯಲ್ಲಿ ಸುಟ್ಟುಹೋದವು. ಮುದ್ರಿತ ಕೋಷ್ಟಕಗಳು ಮಾತ್ರ ಉಳಿದಿವೆ. 1941ರಲ್ಲಿ ಗಣತಿಯೇ ನಡೆಯಲಿಲ್ಲ. ಹಾಗಾಗಿ ನಿಮಗೆ ದಕ್ಕುವುದು 1939ರ ಸೆಪ್ಟೆಂಬರ್ 29ರಂದು, ಯುದ್ಧ ಘೋಷಣೆಯಾದ ಕೆಲವೇ ವಾರಗಳಲ್ಲಿ, ಗುರುತಿನ ಚೀಟಿಗಾಗಿ ಬರೆದ ರಾಷ್ಟ್ರೀಯ ನೋಂದಣಿ ಪುಸ್ತಕ. ಮನೆಯ ವಿಳಾಸದಿಂದಲೇ ಹುಡುಕಬಹುದು. ಹೆಸರು, ಹುಟ್ಟಿದ ದಿನ, ಉದ್ಯೋಗ ಸಿಗುತ್ತವೆ. ಹೆಂಡತಿಯ ಉದ್ಯೋಗದ ಅಂಕಣದಲ್ಲಿ 'ಸಂಬಳವಿಲ್ಲದ ಮನೆಗೆಲಸ' ಎಂಬ ಷರಾ ಬಹುತೇಕ ಖಚಿತ. ಹುಟ್ಟಿ ನೂರು ವರ್ಷ ಕಳೆಯದ, ಸತ್ತದ್ದು ದಾಖಲಾಗದವರ ಸಾಲುಗಳನ್ನು ಕಪ್ಪು ಪಟ್ಟಿಯಿಂದ ಮುಚ್ಚಿರುತ್ತಾರೆ. ನಿಮ್ಮ ವಿಳಾಸದಡಿ ಇಬ್ಬರು ದೊಡ್ಡವರ ಕೆಳಗೆ ಅಂಥ ಒಂದೋ ಎರಡೋ ಸಾಲು ಕಂಡರೆ ಅವರೇ ಆ ಮನೆಯ ಮಕ್ಕಳಿರಬೇಕು. ಸಾಲೇ ಇಲ್ಲದಿದ್ದರೆ ಮಕ್ಕಳಿರಲಿಲ್ಲ ಎಂದು ಅವಸರಪಡಬೇಡಿ. ಯುದ್ಧದ ಭಯಕ್ಕೆ ಮಕ್ಕಳನ್ನು ಹಳ್ಳಿಯ ನೆಂಟರಲ್ಲಿಗೆ ಸಾಗಿಸಿದ್ದ ತಿಂಗಳು ಅದು. ಊರಿನ ಜನನ ಮರಣದ ಅಂಕಿಗಳು ಬೇಕಿದ್ದರೆ ಹ್ಯಾರೋದ ಆರೋಗ್ಯಾಧಿಕಾರಿಯ ವಾರ್ಷಿಕ ವರದಿಗಳನ್ನು ವೆಲ್‌ಕಮ್ ಗ್ರಂಥಾಲಯ ಅಂತರಜಾಲದಲ್ಲಿ ಉಚಿತವಾಗಿ ಇಟ್ಟಿದೆ. ಓದುವಾಗ 1934ಕ್ಕಿಂತ ಹಿಂದಿನವು ಬೇರೆ ಬೇರೆ ಊರುಗಳ ಹೆಸರಿನಲ್ಲಿರುತ್ತವೆ ಎಂಬುದು ನೆನಪಿರಲಿ.